ಸ್ಮಶಾನಕ್ಕೆ ಕೋರ್ಟ್ ರಿಸೀವರ್: ಕಲ್ಲು ಬಿದ್ದರೆ, ಗುಂಡಿ ಕುಸಿದರೆ ಹೊಣೆ ಯಾರದು?

ನಾಲ್ಕು ಅಡಿ ಎತ್ತರ, ಎರಡು ಅಡಿ ಅಗಲ, ನಾಲ್ಕು ಇಂಚು ದಪ್ಪದ ಗ್ರಾನೈಟ್ ಸಮಾಧಿಕಲ್ಲು ಹೆಚ್ಚುಕಡಿಮೆ 200 ಕೆ.ಜಿ. ತೂಗುತ್ತದೆ. ಒಂದು ಮಳೆಗಾಲದಲ್ಲಿ ಬುಡದ ಮಣ್ಣು ಎರಡು ಇಂಚು ಇಳಿದರೆ ಸಾಕು, ಕಲ್ಲು ವಾಲುತ್ತದೆ. ಅದು ಯಾರ ಮೇಲಾದರೂ ಬಿದ್ದರೆ ಯಾರನ್ನು ಕೇಳಬೇಕು ಎನ್ನುವುದು ಸಾಮಾನ್ಯ ದಿನಗಳಲ್ಲಿ ದೊಡ್ಡ ಒಗಟಲ್ಲ. ಸಮಿತಿ, ಪಂಚಾಯಿತಿ, ಪಾಲಿಕೆ, ಚರ್ಚು, ಹೀಗೆ ಯಾರೋ ಒಬ್ಬರು ಸಿಗುತ್ತಾರೆ. ಆದರೆ ಸ್ಮಶಾನದ ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿ, ಕೋರ್ಟು ರಿಸೀವರನ್ನು, ಅಂದರೆ ವ್ಯಾಜ್ಯದ ಆಸ್ತಿಯನ್ನು ತನ್ನ ಪರವಾಗಿ ವಶದಲ್ಲಿಟ್ಟು ನೋಡಿಕೊಳ್ಳುವ ಅಧಿಕಾರಿಯನ್ನು, ನೇಮಿಸಿದ ಮೇಲೆ ಚಿತ್ರವೇ ಬದಲಾಗುತ್ತದೆ. ಬೀಗದ ಕೈ ನಮ್ಮ ಹತ್ತಿರ ಇಲ್ಲ ಎಂದು ಸಮಿತಿಯವರು ಹೇಳುತ್ತಾರೆ. ನಾನು ಕೋರ್ಟಿನ ಪ್ರತಿನಿಧಿ, ನನ್ನ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದು ರಿಸೀವರ್ ಹೇಳುತ್ತಾರೆ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ರಿಸೀವರಿನ ಮಾತಂತೂ ಅಪಾಯಕಾರಿ, ಏಕೆಂದರೆ ಅದನ್ನು ನಂಬಿದವರೇ ಮುಂದೆ ಸ್ವಂತ ಆಸ್ತಿ ಜಪ್ತಿಯ ಅರ್ಜಿಗೆ ಉತ್ತರ ಕೊಡಬೇಕಾಗಿ ಬರುತ್ತದೆ.

ಮೈಸೂರು–ಮಂಡ್ಯ ಸೀಮೆಯಲ್ಲಿ ಸ್ಮಶಾನದ ಜಗಳಗಳಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಲಿಂಗಾಯತರದು ಕ್ರಿಯಾಸಮಾಧಿಯ ಪದ್ಧತಿ. ಕ್ರೈಸ್ತರೂ ಮುಸ್ಲಿಮರೂ ಹೂಳುತ್ತಾರೆ. ದಲಿತ ಕೇರಿಗಳಲ್ಲಿಯೂ ಮಣ್ಣು ಮಾಡುವುದೇ ಹೆಚ್ಚು. ಹೊಲ ಇದ್ದವರು ಹೊಲದ ಬದುವಿನಲ್ಲೇ ಮಣ್ಣು ಮಾಡುತ್ತಿದ್ದರು. ಹೊಲ ಮಾರಿದವರಿಗೆ, ಹೊಲವೇ ಇಲ್ಲದವರಿಗೆ ಊರ ಸ್ಮಶಾನವೇ ಗತಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಇಂಥ ರಸ್ತೆಯ ಅಕ್ಕಪಕ್ಕ ಗುಂಟೆ ಲೆಕ್ಕದ ಜಾಗಕ್ಕೂ ಬೆಲೆ ಬಂದಾಗ ಸರ್ವೆ ನಂಬರಿನ ಮೂಲೆಯಲ್ಲಿ ‘ಬಿ’ ಖರಾಬೆಂದು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಯಿಲ್ಲದ ಜಾಗವೆಂದು) ಬಿದ್ದಿದ್ದ ಸ್ಮಶಾನವೂ ಕಣ್ಣಿಗೆ ಬೀಳುತ್ತದೆ. ಸಮಿತಿ ಎರಡಾಗುತ್ತದೆ, ಎರಡು ಬಣವೂ ರಸೀದಿ ಪುಸ್ತಕ ಅಚ್ಚು ಹಾಕಿಸುತ್ತವೆ, ಗೇಟಿಗೆ ಎರಡು ಬೀಗ ಬೀಳುತ್ತವೆ. ಹೆಣ ಹೊತ್ತು ತಂದವರು ಗೇಟಿನ ಹೊರಗೆ ನಿಲ್ಲುವ ಹೊತ್ತಿಗೆ ಯಾರಾದರೊಬ್ಬರು ಐಎ (ದಾವೆಯ ನಡುವೆ ಹಾಕುವ ಮಧ್ಯಂತರ ಅರ್ಜಿ) ಹಾಕಿ ರಿಸೀವರ್ ಬೇಕೆಂದು ಕೇಳುತ್ತಾರೆ.

ಕಾನೂನಿನ ಬುಡ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶ (ಆರ್ಡರ್, ಅಂದರೆ ನಿಯಮಗಳ ಒಂದು ಅಧ್ಯಾಯ). ನ್ಯಾಯಯುತವೂ ಅನುಕೂಲಕರವೂ ಎಂದು ಕಂಡರೆ ಡಿಕ್ರಿಗೆ ಮೊದಲಾಗಲಿ ಆಮೇಲಾಗಲಿ ಕೋರ್ಟು ರಿಸೀವರನ್ನು ನೇಮಿಸಬಹುದು ಎನ್ನುತ್ತದೆ 1ನೇ ನಿಯಮ. ಸ್ಮಶಾನ ಸಾರ್ವಜನಿಕ ದತ್ತಿಗೆ ಸೇರಿದ್ದಾದರೆ ಮೂಲ ದಾವೆ ಬಹುಮಟ್ಟಿಗೆ 92ನೇ ಸೆಕ್ಷನ್ನಿನದು. ಹಿತಾಸಕ್ತಿ ಉಳ್ಳ ಇಬ್ಬರೋ ಅದಕ್ಕಿಂತ ಹೆಚ್ಚು ಜನರೋ ಕೋರ್ಟಿನ ಅನುಮತಿ ಪಡೆದು ಹೂಡುವ ದಾವೆ ಅದು. ವಕ್ಫ್ ಖಬರಸ್ತಾನದ ದಾರಿಯೇ ಬೇರೆ. ಅಲ್ಲಿ ವ್ಯಾಜ್ಯ ವಕ್ಫ್ ನ್ಯಾಯಮಂಡಳಿಯ ಮುಂದೆ ಹೋಗುತ್ತದೆ. ರಿಸೀವರ್ ನೇಮಕ ಸುಲಭವಾಗಿ ಸಿಗುವ ಪರಿಹಾರವೂ ಅಲ್ಲ. ಕೃಷ್ಣಸ್ವಾಮಿ ಚೆಟ್ಟಿ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 1955ರಲ್ಲೇ ಐದು ಸೂತ್ರ ಹಾಕಿಕೊಟ್ಟಿತು. ಇದು ಕಠಿಣ ಕ್ರಮ, ಆಸ್ತಿಗೆ ತುರ್ತು ಅಪಾಯ ಇದೆಯೆಂದು ತೋರಿಸಬೇಕು ಎಂಬ ಮಾತು ಇಂದಿಗೂ ಎಲ್ಲ ಕೋರ್ಟುಗಳಲ್ಲಿ ನಡೆಯುತ್ತದೆ.

ಹೊಣೆಯ ಎರಡು ಕಾಲುವೆ

ಗೊಂದಲ ಹುಟ್ಟುವುದು 40ನೇ ಆದೇಶದ 3ನೇ ನಿಯಮವನ್ನು ಅವಸರದಲ್ಲಿ ಓದಿದಾಗ. ರಿಸೀವರ್ ಭದ್ರತೆ ಕೊಡಬೇಕು, ಕಾಲಕಾಲಕ್ಕೆ ಲೆಕ್ಕ ಒಪ್ಪಿಸಬೇಕು, ಬಾಕಿ ಹಣ ಕಟ್ಟಬೇಕು. ಇಷ್ಟರ ಜತೆಗೆ ತನ್ನ ಉದ್ದೇಶಪೂರ್ವಕ ಲೋಪದಿಂದ ಅಥವಾ ಘೋರ ನಿರ್ಲಕ್ಷ್ಯದಿಂದ ಆಸ್ತಿಗೆ ಆದ ನಷ್ಟಕ್ಕೆ ಹೊಣೆಯಾಗಬೇಕು ಎಂದು ಆ ನಿಯಮ ಹೇಳುತ್ತದೆ. ‘ಘೋರ’ ಎಂಬ ಪದ ಹಿಡಿದುಕೊಂಡು ಹಲವರು ಸಣ್ಣಪುಟ್ಟ ಅಜಾಗರೂಕತೆಗೆಲ್ಲ ರಿಸೀವರ್ ಹೊಣೆಯಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆದರೆ ಆ ನಿಯಮ ಮಾತಾಡುತ್ತಿರುವುದು ‘ಆಸ್ತಿಗೆ’ ಆದ ನಷ್ಟದ ಬಗ್ಗೆ, ಅಂದರೆ ದಾವೆಯ ಪಕ್ಷಗಾರರಿಗೂ ರಿಸೀವರಿಗೂ ನಡುವಿನ ಲೆಕ್ಕ. ಹಾಲು–ತುಪ್ಪ ಬಿಡಲು ಬಂದ ಹೆಂಗಸಿನ ಕಾಲ ಮೇಲೆ ಕಲ್ಲು ಬಿದ್ದರೆ ಆಕೆ ಪಕ್ಷಗಾರಳಲ್ಲ, ಆಕೆಯ ಕಾಲು ದಾವೆಯ ಆಸ್ತಿಯಲ್ಲ. ಆಕೆಯ ಕ್ಲೇಮು ಸಾಮಾನ್ಯ ಅಪಕೃತ್ಯ ಕಾನೂನಿನದು (ಟಾರ್ಟ್, ಅಂದರೆ ಇನ್ನೊಬ್ಬರ ತಪ್ಪಿನಿಂದಾದ ಹಾನಿಗೆ ಪರಿಹಾರ ಕೊಡಿಸುವ ಕಾನೂನು). ಅಲ್ಲಿ ಅಳತೆಗೋಲು ಸಾಧಾರಣ ಎಚ್ಚರ: ಆ ಜಾಗ ತನ್ನದೇ ಆಗಿದ್ದರೆ ವಿವೇಕವುಳ್ಳ ಮನುಷ್ಯ ಎಷ್ಟು ಎಚ್ಚರ ವಹಿಸುತ್ತಿದ್ದನೋ ಅಷ್ಟು. ‘ಘೋರ’ ಎಂಬ ಗುರಾಣಿ ಆಕೆಯೆದುರು ನಡೆಯುವುದಿಲ್ಲ.

ಈ ಎರಡು ಕಾಲುವೆಗಳನ್ನು ಬೇರೆ ಬೇರೆ ಇಟ್ಟು ನೋಡಿದರೆ ಸ್ಮಶಾನದ ಮಟ್ಟಿಗೆ ಸಂಹಿತೆಯಲ್ಲಿರುವ ಒಂದು ಕೊರತೆಯೂ ಕಾಣುತ್ತದೆ. ಬಾಡಿಗೆ ಮಳಿಗೆಯನ್ನೋ ತೆಂಗಿನ ತೋಟವನ್ನೋ ರಿಸೀವರ್ ಹಾಳು ಮಾಡಿದರೆ ನಷ್ಟವನ್ನು ರೂಪಾಯಿಯಲ್ಲಿ ಹೇಳಬಹುದು. ಒಂದು ಕುಟುಂಬದ ಸಮಾಧಿಯಲ್ಲಿ ಬೇರೆಯವರ ಹೆಣ ಹೂತರೆ ಆಸ್ತಿಗೆ ಎಷ್ಟು ನಷ್ಟ? ಆರ್‌ಟಿಸಿಯಲ್ಲಿ ಒಂದಂಗುಲವೂ ಕಡಿಮೆಯಾಗಿರುವುದಿಲ್ಲ. ಹಾಗಾಗಿ 3ನೇ ನಿಯಮ ಒಂದನ್ನೇ ನಂಬಿ ಬರೆದ ನೇಮಕ ಆದೇಶ ಸ್ಮಶಾನಕ್ಕೆ ಸಾಲದು. ಕರ್ತವ್ಯಗಳನ್ನು ಆದೇಶದಲ್ಲೇ ಒಂದೊಂದಾಗಿ ಬರೆಸಿಕೊಳ್ಳಬೇಕು. ಆದೇಶದಲ್ಲಿ ಬರೆದದ್ದನ್ನು ಮಾಡದಿದ್ದರೆ ಅದು ಉದ್ದೇಶಪೂರ್ವಕ ಲೋಪವೆಂದು ತೋರಿಸುವುದು ಸುಲಭ. ಬರೆಯದೆ ಬಿಟ್ಟದ್ದರ ಬಗ್ಗೆ ವರ್ಷಗಟ್ಟಲೆ ವಾದ ಮಾಡಬೇಕಾಗುತ್ತದೆ. ವಾದಿಯ ವಕೀಲರು ಐಎ ಜತೆ ಕರಡು ಆದೇಶ ಕೊಡುವಾಗ ‘ಆಸ್ತಿಯ ನಿರ್ವಹಣೆ ಮತ್ತು ಸಂರಕ್ಷಣೆ’ ಎಂಬ ಎರಡು ಪದದಲ್ಲಿ ಮುಗಿಸಿಬಿಡುವುದು ದೊಡ್ಡ ತಪ್ಪು. ನೋಂದಣಿ ಪುಸ್ತಕ ಯಾರ ವಶದಲ್ಲಿ, ಗುಂಡಿಗೆ ಎಷ್ಟು ಶುಲ್ಕ, ವಾರಕ್ಕೆ ಎಷ್ಟು ಸಲ ತಪಾಸಣೆ, ಮರ–ಗೋಡೆ–ಕಲ್ಲುಗಳ ಖರ್ಚಿಗೆ ಎಷ್ಟರವರೆಗೆ ಅಪ್ಪಣೆ ಕೇಳದೆ ವ್ಯಯಿಸಬಹುದು, ಇವೆಲ್ಲ ಆ ಕರಡಿನಲ್ಲಿ ಇರಬೇಕು.

ಮೊದಲ ಮೂವತ್ತು ದಿನ

ತನ್ನ ನೇಮಕಕ್ಕೆ ಮುಂಚೆ ಆದ ತಪ್ಪಿಗೆ ರಿಸೀವರ್ ಹೊಣೆಯಲ್ಲ. ಆದರೆ ವಾಲಿದ ಕಲ್ಲು ನೇಮಕದ ದಿನವೇ ವಾಲಿತ್ತು ಎಂದು ತೋರಿಸಲು ಅವರ ಬಳಿ ಏನಿದೆ? ವಶಕ್ಕೆ ತೆಗೆದುಕೊಂಡ ದಿನದ ಮಹಜರು ಮಾತ್ರ. ಅದನ್ನು ಎರಡೂ ಬಣದ ಪ್ರತಿನಿಧಿಗಳು, ಇಬ್ಬರು ಹೊರಗಿನ ಪಂಚರು ಮತ್ತು ಸಾಧ್ಯವಾದರೆ ಗ್ರಾಮ ಆಡಳಿತಾಧಿಕಾರಿಯ ಎದುರು ಬರೆಯಬೇಕು. ‘ಸ್ಮಶಾನದ ಜಾಗ ಸ್ವಾಧೀನಕ್ಕೆ ತೆಗೆದುಕೊಳ್ಳಲಾಯಿತು’ ಎಂಬ ಒಂದು ಸಾಲಿನ ಮಹಜರಿನಿಂದ ಪ್ರಯೋಜನವಿಲ್ಲ. ಸಮಾಧಿಗಳ ಸಾಲು ಎಣಿಸಿ ನಂಬರ್ ಕೊಡಬೇಕು, ಪ್ರತಿ ಕಲ್ಲಿನ ಫೋಟೋ ತೆಗೆಯಬೇಕು, ವಾಲಿದವು, ಬಿರುಕು ಬಿಟ್ಟವು, ಬಾಯಿ ತೆರೆದ ಗುಂಡಿಗಳು, ಒಣಗಿದ ಮರಗಳು, ಕುಸಿದ ಕಾಂಪೌಂಡ್, ಮುಚ್ಚಳವಿಲ್ಲದ ಬಾವಿ, ಜೋತು ಬಿದ್ದ ವಿದ್ಯುತ್ ತಂತಿ, ಹೀಗೆ ಅಪಾಯಗಳದ್ದೇ ಒಂದು ಪ್ರತ್ಯೇಕ ಪಟ್ಟಿ ಇರಬೇಕು. ಒಂದೂವರೆ ಎಕರೆಯ ಸ್ಮಶಾನವಾದರೆ ಇಬ್ಬರು ಎರಡು ದಿನದಲ್ಲಿ ಮುಗಿಸಬಹುದಾದ ಕೆಲಸ. ಬಳ್ಳಾರಿ ಜಾಲಿಯೂ ಲಂಟಾನವೂ ಹಬ್ಬಿದ್ದರೆ ಮೊದಲು ದಾರಿಗಳನ್ನಷ್ಟೇ ಸವರಿಸಬೇಕು. ಜೆಸಿಬಿ ಹಾಕಿ ಒಂದೇ ದಿನದಲ್ಲಿ ಚೊಕ್ಕಟ ಮಾಡಲು ಹೋದವರು ಕಲ್ಲಿಲ್ಲದ ಮಣ್ಣಿನ ಸಮಾಧಿಗಳ ದಿಬ್ಬವನ್ನೆಲ್ಲ ನೆಲಸಮ ಮಾಡಿಬಿಡುತ್ತಾರೆ. ಬಡವರ ಸಮಾಧಿಗೆ ಅಲ್ಲಿರುವ ಗುರುತು ಆ ದಿಬ್ಬವೊಂದೇ. ಒಮ್ಮೆ ಅಳಿಸಿದರೆ ಮತ್ತೆ ಕಟ್ಟಿಕೊಡಲು ಯಾವ ಕೋರ್ಟಿಗೂ ಆಗದು.

ಅದರ ಹಿಂದೆಯೇ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಬೇಕು. ಸರ್ವೆಯವರು ಅಳೆದು ಕಲ್ಲು ನೆಟ್ಟು ಕೊಟ್ಟ ನಕ್ಷೆ ಇಲ್ಲದೆ ಒತ್ತುವರಿಯ ಬಗ್ಗೆ ಏನು ಹೇಳಿದರೂ ಗಾಳಿಮಾತು. ಒತ್ತುವರಿ ತಡೆಯದೆ ಕೂರುವುದು ಆಸ್ತಿಗೆ ನಷ್ಟವಾಗುವ ನೇರ ದಾರಿ: ಖಾಸಗಿ ಅಥವಾ ದತ್ತಿ ಜಾಗವಾದರೆ ಸ್ವಾಧೀನ ವಾಪಸು ಕೇಳಲು 12 ವರ್ಷ, ಸರ್ಕಾರಿ ಜಾಗವಾದರೆ ಸರ್ಕಾರಕ್ಕೆ 30 ವರ್ಷ. ಹನ್ನೊಂದನೇ ವರ್ಷದಲ್ಲಿ ನೇಮಕವಾದ ರಿಸೀವರ್ ಆ ಗಡುವನ್ನು ಗಮನಿಸದೆ ಬಿಟ್ಟರೆ ಅದಕ್ಕಿಂತ ಸ್ಪಷ್ಟವಾದ ಘೋರ ನಿರ್ಲಕ್ಷ್ಯ ಇನ್ನೊಂದಿಲ್ಲ. ಅವರ ಅಧಿಕಾರಕ್ಕೆ ಒಂದು ಎಲ್ಲೆಯೂ ಇದೆ. ದಾವೆಯ ಪಕ್ಷಗಾರರಿಗೇ ಎಬ್ಬಿಸುವ ಹಕ್ಕು ಇಲ್ಲದ ವ್ಯಕ್ತಿಯನ್ನು ರಿಸೀವರ್ ಮೂಲಕ ಎಬ್ಬಿಸಲು 1ನೇ ನಿಯಮದ 2ನೇ ಉಪನಿಯಮ ಬಿಡುವುದಿಲ್ಲ. ಬಲವಂತ ಮಾಡದೆ, ದಾವೆ ಹೂಡಲು ಕೋರ್ಟಿನ ಅಪ್ಪಣೆ ಕೇಳುವುದೇ ಸರಿಯಾದ ಹೆಜ್ಜೆ.

ಗುಂಡಿ, ಕಲ್ಲು, ಮರ

ಏಳು ಅಡಿ ಉದ್ದ, ಮೂರು ಅಡಿ ಅಗಲ, ಆರು ಅಡಿ ಆಳದ ಗುಂಡಿಯಿಂದ 126 ಘನ ಅಡಿ ಮಣ್ಣು ಹೊರಬರುತ್ತದೆ; ತೂಕ ಸುಮಾರು ಆರು ಟನ್. ಅಷ್ಟನ್ನೂ ಗುಂಡಿಯ ಅಂಚಿಗೇ ಸುರಿದು, ಹೆಣ ಇಳಿಸುವ ಹೊತ್ತಿಗೆ ಅದೇ ರಾಶಿಯ ಮೇಲೆ ಇಪ್ಪತ್ತು ಜನ ನಿಲ್ಲುವುದು ನಮ್ಮ ಕಡೆ ದಿನವೂ ಕಾಣುವ ದೃಶ್ಯ. ಅಂಚು ಕುಸಿಯಲು ಬೇರೆ ಕಾರಣ ಬೇಕಿಲ್ಲ. ಭಾರತೀಯ ಮಾನಕ ಬ್ಯೂರೋದ ಅಗೆತದ ಸುರಕ್ಷತಾ ಸಂಹಿತೆ, ಐಎಸ್ 3764, ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಪಕ್ಕಗಳಿಗೆ ಆಧಾರ ಕೊಡಬೇಕು ಎನ್ನುತ್ತದೆ. ಆರು ಅಡಿ ಎಂದರೆ 1.8 ಮೀಟರ್, ಅಂದರೆ ಪ್ರತಿಯೊಂದು ಪೂರ್ಣ ಆಳದ ಗುಂಡಿಯೂ ಆ ಗೆರೆ ದಾಟುತ್ತದೆ. ಮೈಸೂರು ಸುತ್ತಿನ ಗಟ್ಟಿ ಕೆಂಪು ಮಣ್ಣು ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುವುದರಿಂದ ಯಾರೂ ಹಲಗೆ ಕೊಡುವುದಿಲ್ಲ. ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಬಯಲಿನಲ್ಲಿ ಇದು ನಡೆಯುವುದಿಲ್ಲ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟು, ಸುತ್ತಲ ಗದ್ದೆಗಳು ನಾಟಿಗೆ ತುಂಬಿಕೊಂಡ ಮೇಲೆ ಅಂತರ್ಜಲ ಮೇಲೇರುತ್ತದೆ. ನಾಲ್ಕಡಿಗೇ ನೀರು ಒಸರುತ್ತದೆ, ಗುಂಡಿಯ ಪಕ್ಕ ಬುಡದಿಂದ ಕಳಚಿಕೊಳ್ಳುತ್ತದೆ. ಅಂಥ ಕಡೆ ನಾಲ್ಕು ಹಲಗೆ, ನಾಲ್ಕು ಅಡ್ಡ ಮರ, ಒಂದು ಡೀಸೆಲ್ ಪಂಪು ಸ್ಮಶಾನದ ಸ್ವತ್ತಾಗಿಯೇ ಇರಬೇಕು. ಮಣ್ಣಿನ ರಾಶಿ ಅಂಚಿನಿಂದ ಕನಿಷ್ಠ ನಾಲ್ಕು ಅಡಿ ದೂರ, ಒಂದೇ ಬದಿಗೆ. ಜನ ನಿಲ್ಲುವುದು ಎದುರು ಬದಿಗೆ. ಹಿಂದಿನ ದಿನ ಸಂಜೆ ತೆಗೆದಿಟ್ಟ ಗುಂಡಿಯ ಮೇಲೆ ರಾತ್ರಿ ಹಲಗೆ ಮುಚ್ಚಿರಬೇಕು.

ಗುಂಡಿ ತೆಗೆಯುವವರ ವಿಚಾರದಲ್ಲಿ ರಿಸೀವರ್ ಇನ್ನೂ ಒಂದು ಎಚ್ಚರ ವಹಿಸಬೇಕು. ಊರಿನ ಪದ್ಧತಿ ಎಂದು ಹೇಳಿ ಇಂಥ ಮನೆಯವರೇ ಬಂದು ತೆಗೆಯಬೇಕೆಂದು ಕರೆಸುವುದು ಇನ್ನೂ ನಿಂತಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಂದ ಹೆಣ ಹೊರಿಸುವುದು, ಸಮಾಧಿ ಗುಂಡಿ ತೋಡಿಸುವುದು ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಹೆಸರಿಸಿಯೇ ಹೇಳಿರುವ ಅಪರಾಧ. 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಸೇರಿಸಿತು. ಕೋರ್ಟಿನ ಅಧಿಕಾರಿಯೇ ಆ ಪದ್ಧತಿಗೆ ಕೈಜೋಡಿಸಿದಂತೆ ಆಗಬಾರದು. ಸ್ವ ಇಚ್ಛೆಯಿಂದ ಬಂದವರೊಂದಿಗೆ ಬರಹದಲ್ಲಿ ಕರಾರು, ಬ್ಯಾಂಕ್ ಖಾತೆಗೆ ಕೂಲಿ, ಬೂಟು–ಗ್ಲೌಸು, ಅಪಘಾತ ವಿಮೆ, ಇಷ್ಟು ಕನಿಷ್ಠ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ. ಅದನ್ನೂ ಮಾಡಿಸದ ರಿಸೀವರ್ ಹಣವಿರಲಿಲ್ಲ ಎಂದರೆ ಯಾವ ನ್ಯಾಯಾಧೀಶರೂ ಒಪ್ಪಲಾರರು.

ಮಣ್ಣು ಮುಚ್ಚಿದ ಮೇಲೂ ಕೆಲಸ ಮುಗಿಯುವುದಿಲ್ಲ. ಸಡಿಲ ಮಣ್ಣು ಮೊದಲ ಒಂದೆರಡು ಮಳೆಗೆ ಕುಗ್ಗಿ ತಗ್ಗಾಗುತ್ತದೆ, ಆಗ ಮತ್ತೆ ಮಣ್ಣು ತುಂಬಿ ದಮ್ಮಸು ಮಾಡಬೇಕು. ಹೂತ ಕೆಲವೇ ವಾರಗಳಲ್ಲಿ ಕಲ್ಲು ನೆಡಲು ಬಿಡುವುದೇ ಕಲ್ಲು ವಾಲಲು ಮೂಲ ಕಾರಣ. ಕನಿಷ್ಠ ಒಂದು ಮಳೆಗಾಲ ಕಳೆಯಲಿ. ಆಮೇಲೆ ಗುಂಡಿಯ ತಲೆಭಾಗದ ಆಚೆ, ಅಗೆಯದ ಗಟ್ಟಿ ನೆಲದಲ್ಲಿ ಕಾಂಕ್ರೀಟ್ ಬುಡ ಹಾಕಿ ಕಲ್ಲು ನಿಲ್ಲಿಸಲಿ. ಇರುವ ಕಲ್ಲುಗಳನ್ನು ವರ್ಷಕ್ಕೆರಡು ಬಾರಿಯಾದರೂ ಕೈಯಿಂದ ಒತ್ತಿ ನೋಡಬೇಕು. ಕಲ್ಲು ಬೀಳುವ ದಿಕ್ಕಿನಲ್ಲಿ ನಿಲ್ಲಬಾರದು; ಬದಿಗೆ ನಿಂತು, ಮೇಲಂಚಿನ ಹತ್ತಿರ ಅಂಗೈ ಇಟ್ಟು ನಿಧಾನವಾಗಿ ಭಾರ ಹಾಕಬೇಕು. ಅಲುಗಿದರೆ ಆ ದಿನವೇ ಬರಹ ಮೇಲೆ ಕಾಣುವಂತೆ ಮಲಗಿಸಿ, ಮುಂಚಿನ ಮತ್ತು ನಂತರದ ಫೋಟೋ ತೆಗೆದು, ಕುಟುಂಬಕ್ಕೆ ಪತ್ರ ಕಳಿಸಬೇಕು. ನವೆಂಬರ್ 2ರ ಸಕಲ ಮೃತರ ಸ್ಮರಣೆಯ ದಿನ ಕ್ರೈಸ್ತ ಸ್ಮಶಾನಗಳಲ್ಲಿ ಮಕ್ಕಳುಮರಿ ಸಮೇತ ಜನ ತುಂಬಿರುತ್ತಾರೆ, ಹಾಗಾಗಿ ಒಂದು ತಪಾಸಣೆ ಅಕ್ಟೋಬರ್ ಮುಗಿಯುವ ಮುಂಚೆ ಆಗಲೇಬೇಕು. ಹಳೆಯ, ಪಾರಂಪರಿಕ ಸಮಾಧಿಗಳಿಗೆ ಮಾತ್ರ ಈ ಕ್ರಮ ಹಾಗೆಯೇ ಒಗ್ಗದು. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಡದ ಗ್ಯಾರಿಸನ್ ಸ್ಮಶಾನದಂಥ ಗಾರೆ–ಇಟ್ಟಿಗೆಯ ಗೋರಿಗಳಿಗೆ ಸಿಮೆಂಟು ಮೆತ್ತಿದರೆ ಸುಣ್ಣದ ಗಾರೆ ಉಸಿರಾಡದೆ ಒಳಗೇ ಸಿಡಿಯುತ್ತದೆ. ಅಲ್ಲಿ ಬೇಲಿ ಹಾಕಿ ಜನರನ್ನು ದೂರವಿಟ್ಟು ತಜ್ಞರನ್ನು ಕರೆಸುವುದು ಲೇಸು.

ಮರದ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ರಾಜಕೋಟ್ ಪಾಲಿಕೆಯ 1997ರ ಪ್ರಕರಣದಲ್ಲಿ ರಸ್ತೆಬದಿಯ ಮರ ಬಿದ್ದು ಒಬ್ಬರು ಸತ್ತಿದ್ದರು. ಮರ ಬೀಳುವ ಸ್ಥಿತಿಯಲ್ಲಿದೆ ಎಂದು ಪಾಲಿಕೆಗೆ ತಿಳಿದಿತ್ತೆನ್ನಲು ಆಧಾರವಿಲ್ಲದ್ದರಿಂದ ಹೊಣೆ ಬರಲಿಲ್ಲ. ಎರಡೇ ವರ್ಷದ ನಂತರ, 1999ರ ಸುಶೀಲಾ ದೇವಿ ಪ್ರಕರಣದಲ್ಲಿ, ಕೊಂಬೆ ಮುರಿದು ಸ್ಕೂಟರ್ ಸವಾರರೊಬ್ಬರು ಸತ್ತದ್ದಕ್ಕೆ ದೆಹಲಿ ಪಾಲಿಕೆ ಪರಿಹಾರ ಕೊಡಬೇಕಾಯಿತು. ವ್ಯತ್ಯಾಸ ಇರುವುದು ತಿಳಿವಳಿಕೆ ಮತ್ತು ತಪಾಸಣೆಯಲ್ಲಿ. ಹಾಗೆಂದು ನೋಡದಿದ್ದರೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಹೊಣೆಯಿಲ್ಲ ಎಂದು ಯಾರೂ ಲೆಕ್ಕ ಹಾಕಬಾರದು. ರಿಸೀವರಿನ ಮಹಜರಿನಲ್ಲೇ ಒಣಮರ ಎಂದು ಬರೆದಿದ್ದರೆ ರಾಜಕೋಟ್ ತೀರ್ಪು ಅವರನ್ನು ಕಾಯುವುದಿಲ್ಲ, ಬರೆಯದಿದ್ದರೆ ತಪಾಸಣೆಯೇ ಮಾಡಲಿಲ್ಲ ಎಂಬ ಮಾತು ಬರುತ್ತದೆ. ಉಳಿಯುವ ದಾರಿ ಒಂದೇ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಕೊಂಬೆ ಅಥವಾ ಮರ ತೆಗೆಸುವುದು, ಉತ್ತರ ಬರುವವರೆಗೆ ಮರದ ಕೆಳಗೆ ಹಗ್ಗ ಕಟ್ಟಿ ಬೋರ್ಡು ಹಾಕುವುದು.

ಗೋಡೆಯ ಮಟ್ಟಿಗೆ ಕಾನೂನು ಇನ್ನೂ ಬಿಗಿ. ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದ ಪ್ರಕರಣದಲ್ಲಿ, 1966ರ ಸುಭಾಗವಂತಿ ತೀರ್ಪಿನಲ್ಲಿ, ಕಟ್ಟಡಕ್ಕೆ 80 ವರ್ಷವಾಗಿತ್ತು, ಅಂಥ ಗಾರೆಯ ಆಯುಸ್ಸು 40–45 ವರ್ಷ. ನಿರ್ಲಕ್ಷ್ಯ ಇರಲಿಲ್ಲವೆಂದು ತೋರಿಸುವ ಭಾರವೇ ಪಾಲಿಕೆಯ ಮೇಲೆ ಬಿತ್ತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದನ್ನು ಕಂಡ ಮೈಸೂರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆಯತ್ತ ವಾಲಿದ ಸ್ಮಶಾನದ ಕಾಂಪೌಂಡಿಗೂ ಅದೇ ತರ್ಕ ಅನ್ವಯಿಸುತ್ತದೆ.

ಪುಸ್ತಕ ಮತ್ತು ದುಡ್ಡು

ಕಲ್ಲು–ಮರಗಳಿಗಿಂತ ಹೆಚ್ಚು ಕುಟುಂಬಗಳನ್ನು ನೋಯಿಸುವುದು ದಾಖಲೆಯ ತಪ್ಪು. ಎರಡೂ ಬಣದ ಹಳೆಯ ರಸೀದಿ ಪುಸ್ತಕಗಳನ್ನು ಮೊದಲ ವಾರವೇ ವಶಕ್ಕೆ ಪಡೆದು, ಒಂದೇ ಸಮಾಧಿ ಜಾಗಕ್ಕೆ ಎರಡು ರಸೀದಿ ಇರುವುದನ್ನು ಪಟ್ಟಿ ಮಾಡಿ ಕೋರ್ಟಿಗೆ ವರದಿ ಕೊಡಬೇಕು. ಆ ಜಾಗಗಳಲ್ಲಿ ಕೋರ್ಟು ಹೇಳುವವರೆಗೆ ಹೂಳಲು ಬಿಡಬಾರದು. ಹೊಸ ನೋಂದಣಿ ಪುಸ್ತಕದಲ್ಲಿ ಹೆಸರು, ದಿನಾಂಕ, ಸಾಲು–ನಂಬರು, ಆಳ, ಗುಂಡಿ ತೆಗೆದವರ ಸಹಿ, ಮರಣದ ದಾಖಲೆಯ ಪ್ರತಿ ಇರಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ 10ನೇ ಸೆಕ್ಷನ್ ಸ್ಮಶಾನದ ಉಸ್ತುವಾರಿ ಹೊತ್ತವರ ಮೇಲೂ ಸಾವಿನ ಮಾಹಿತಿ ಕೊಡುವ ಕರ್ತವ್ಯ ಹಾಕುತ್ತದೆ. ನೋಂದಣಿಯ ಸಾಮಾನ್ಯ ಗಡುವು 21 ದಿನ. ಬೀಗದ ಕೈ ರಿಸೀವರ್ ಬಳಿ ಇರುವವರೆಗೆ ಉಸ್ತುವಾರಿ ಅವರೇ. ಹೂತ ದೇಹವನ್ನು ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅಥವಾ ಸಕ್ಷಮ ಅನುಮತಿಯಿಲ್ಲದೆ ಹೊರತೆಗೆಯಲು ಬಿಟ್ಟರೆ ವಿಷಯ ಕ್ರಿಮಿನಲ್ ಆಗಬಹುದು. ಯಾರ ಭಾವನೆಯನ್ನಾದರೂ ನೋಯಿಸುವ ಉದ್ದೇಶದಿಂದ, ಅಥವಾ ನೋಯುತ್ತದೆಂದು ತಿಳಿದೂ, ಸಮಾಧಿ ಸ್ಥಳಕ್ಕೆ ಅತಿಕ್ರಮಿಸಿ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಸೆಕ್ಷನ್ನಿನ ಅಪರಾಧ.

ಹಣಕ್ಕೆ ರಿಸೀವರ್ ಹೆಸರಿನಲ್ಲಿ, ದಾವೆಯ ನಂಬರ್ ನಮೂದಿಸಿ, ಪ್ರತ್ಯೇಕ ಖಾತೆ. ಮುಂಗಡ ಕಾದಿರಿಸಿದ ಜಾಗದ ಹಣವನ್ನು ದಿನದ ಖರ್ಚಿಗೆ ಮುಟ್ಟಬಾರದು. ಅದು ಮುಂದೆ ಮಾಡಬೇಕಾದ ಕೆಲಸಕ್ಕೆ ಜನ ಕೊಟ್ಟ ಹಣ. ವಿಮೆ ಮಾಡಿಸುವಾಗ ಒಂದು ತಪ್ಪು ಸಾಮಾನ್ಯ. 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆ ಅಪಾಯಕಾರಿ ರಾಸಾಯನಿಕಗಳಿಗೆ ಸಂಬಂಧಿಸಿದ್ದು. ಅದರ ಪಾಲಿಸಿ ಇಲ್ಲಿ ಉಪಯೋಗಕ್ಕೆ ಬಾರದು. ಸಾಮಾನ್ಯ ವಿಮಾ ಕಂಪನಿಗಳ ಬೇರೆ ಸಾರ್ವಜನಿಕ ಹೊಣೆ ಪಾಲಿಸಿ ಬೇಕು, ಅದರಲ್ಲಿ ಮೂರನೆಯವರ ಗಾಯ–ಸಾವು ಸೇರಿರಬೇಕು.

ಖಾತೆಯಲ್ಲಿ ದುಡ್ಡೇ ಇಲ್ಲದಿದ್ದರೆ? ಅಪಾಯದ ಪಟ್ಟಿ, ಅಂದಾಜು ವೆಚ್ಚ, ಯಾವ ಪಕ್ಷಗಾರ ಎಷ್ಟು ಠೇವಣಿ ಇಡಬೇಕೆಂಬ ಕೋರಿಕೆ, ಇವುಗಳೊಂದಿಗೆ ನಿರ್ದೇಶನಕ್ಕಾಗಿ ಕೋರ್ಟಿಗೆ ಅರ್ಜಿ ಹಾಕಬೇಕು. ಹಣವಿಲ್ಲ ಎಂಬುದು ಅದನ್ನು ಕೋರ್ಟಿಗೆ ತಿಳಿಸಿದವರಿಗೆ ಮಾತ್ರ ಸಮರ್ಥನೆ. ಕಲ್ಲು ಮಲಗಿಸಲು, ಹಗ್ಗ ಕಟ್ಟಲು, ಸಂಜೆ ಆರಕ್ಕೆ ಗೇಟು ಹಾಕಲು ಲಕ್ಷಗಳು ಬೇಕಾಗುವುದಿಲ್ಲ. ಅಪಾಯ ಗೊತ್ತಿತ್ತು, ಪರಿಹಾರ ಅಗ್ಗವಾಗಿತ್ತು, ಅಧಿಕಾರ ಕೈಯಲ್ಲಿತ್ತು, ಸಮಯವೂ ಸಾಕಷ್ಟಿತ್ತು ಎಂಬ ನಾಲ್ಕೂ ಒಟ್ಟಿಗೆ ಕೂಡಿ ಬಂದಾಗ ಸಾದಾ ನಿರ್ಲಕ್ಷ್ಯ ಘೋರ ನಿರ್ಲಕ್ಷ್ಯವಾಗುತ್ತದೆ ಎನ್ನುವುದು ನಮ್ಮ ಅಭಿಪ್ರಾಯ.

ಗಾಯಗೊಂಡವರು ಹೋಗಬೇಕಾದ ದಾರಿ

ರಿಸೀವರ್ ಮೇಲೆ ನೇರವಾಗಿ ದಾವೆ ಹೂಡುವಂತಿಲ್ಲ, ನೇಮಿಸಿದ ಕೋರ್ಟಿನ ಅನುಮತಿ ಬೇಕು. ಆಸ್ತಿ ಕೋರ್ಟಿನ ವಶದಲ್ಲಿದೆ, ಅದಕ್ಕೆ ಕೈಹಾಕುವುದು ಕೋರ್ಟಿಗೇ ಕೈಹಾಕಿದಂತೆ ಎನ್ನುವುದು ಇದರ ಹಿಂದಿನ ತರ್ಕ. ಆದರೆ ಈ ನಿಯಮಕ್ಕೆ ಎವರೆಸ್ಟ್ ಕೋಲ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ವಿವರಣೆ ಬಡ ಕಕ್ಷಿದಾರರಿಗೆ ಬಲ ತುಂಬುತ್ತದೆ: ಅನುಮತಿ ಮೊದಲೇ ಪಡೆಯದಿದ್ದರೂ, ದಾವೆ ಮುಗಿಯುವುದರೊಳಗೆ ಪಡೆದರೆ ದೋಷ ಸರಿಯಾಗುತ್ತದೆ, ಮತ್ತು ಅನುಮತಿ ಕೊಡುವುದೇ ವಾಡಿಕೆ, ಹುರುಳಿಲ್ಲದ ದಾವೆಗಷ್ಟೇ ನಿರಾಕರಣೆ.

ಕೆಲಸದ ಕ್ರಮ ಹೀಗೆ. ಘಟನೆಯ ದಿನವೇ ಫೋಟೋ, ಪೊಲೀಸ್ ದೂರು, ಆಸ್ಪತ್ರೆಯ ಗಾಯದ ಪ್ರಮಾಣಪತ್ರ. ಗೇಟಿನ ಬೋರ್ಡಿನಿಂದಲೋ ಸಮಿತಿಯಿಂದಲೋ ದಾವೆಯ ನಂಬರು ತಿಳಿದು, ಕೋರ್ಟಿನ ನಕಲು ವಿಭಾಗದಲ್ಲಿ ನೇಮಕ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ. ಅದೇ ದಾವೆಯಲ್ಲಿ ಮೂರನೆಯ ವ್ಯಕ್ತಿಯಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಸೆಕ್ಷನ್ನಿನಡಿ ಅನುಮತಿಯ ಅರ್ಜಿ. ಕೋರ್ಟು ಬೇರೆ ದಾವೆಗೆ ಬಿಡಬಹುದು, ಇಲ್ಲವೇ ತಾನೇ ವಿಚಾರಣೆ ನಡೆಸಬಹುದು. ಸಂಹಿತೆಯ 2ನೇ ಸೆಕ್ಷನ್ನಿನ 17ನೇ ಖಂಡದ ಪ್ರಕಾರ ಆಸ್ತಿಯ ಉಸ್ತುವಾರಿ ವಹಿಸುವ ಕೋರ್ಟಿನ ಅಧಿಕಾರಿ ‘ಸಾರ್ವಜನಿಕ ಅಧಿಕಾರಿ’. ಆದ್ದರಿಂದ 80ನೇ ಸೆಕ್ಷನ್ನಿನ ಎರಡು ತಿಂಗಳ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸದೆ ಮುಂದೆ ಹೋಗಬಾರದು.

ಎಡವುವುದು ಹೆಚ್ಚಾಗಿ ಗಡುವಿನಲ್ಲಿ. ಸಾವು ಸಂಭವಿಸಿದ್ದರೆ 1855ರ ಮಾರಣಾಂತಿಕ ಅಪಘಾತ ಕಾಯ್ದೆಯ ದಾವೆಗೆ ಎರಡು ವರ್ಷ. ಗಾಯಕ್ಕೆ ಮೂರು ವರ್ಷ ಇದೆಯೆಂದು ನಿಧಾನಿಸಿದವರಿಗೆ ಎದುರು ವಕೀಲರು ಮಿತಿ ಕಾಯ್ದೆಯ 72ನೇ ಅನುಚ್ಛೇದ ತೋರಿಸಬಹುದು. ಕಾಯ್ದೆಯೊಂದನ್ನು ಅನುಸರಿಸಿ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸಕ್ಕೆ ಪರಿಹಾರ ಕೇಳಲು ಅಲ್ಲಿ ಒಂದೇ ವರ್ಷ. 80ನೇ ಸೆಕ್ಷನ್ನಿನ ನೋಟಿಸಿನ ಅವಧಿ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅನುಮತಿ ಅರ್ಜಿಯಲ್ಲಿ ಕಳೆದ ಕಾಲವೂ ಹಾಗೆಯೇ ಬಿಡುತ್ತದೆಂದು ನಂಬಬಾರದು. ಒಂದು ವರ್ಷದೊಳಗೆ ದಾವೆ ಹೂಡಿ, ಅನುಮತಿಯನ್ನು ನಡುವೆ ಪಡೆಯುವುದು ಸುರಕ್ಷಿತ. ದಾವೆಯಲ್ಲಿ ರಿಸೀವರನ್ನು ಅಧಿಕಾರದ ನೆಲೆಯಲ್ಲೂ ವೈಯಕ್ತಿಕವಾಗಿಯೂ ಸೇರಿಸಬೇಕು: ಕಾವಲುಗಾರನ ತಪ್ಪಿಗೆ ಸ್ಮಶಾನದ ನಿಧಿಯಿಂದ ಪರಿಹಾರ, ರಿಸೀವರಿನ ಸ್ವಂತ ತಪ್ಪಿಗೆ ಅವರ ಜೇಬಿನಿಂದ. ನಿರ್ಲಕ್ಷ್ಯದಿಂದ ಸಾವಾದರೆ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಡಿ ಐದು ವರ್ಷದವರೆಗಿನ ಶಿಕ್ಷೆಯ ಪ್ರಶ್ನೆ ಬೇರೆಯೇ ನಡೆಯುತ್ತದೆ.

ಅಮೆರಿಕದ ಕಾನೂನು ಇದೇ ಬೇರಿನಿಂದ ಬೇರೆ ದಿಕ್ಕಿಗೆ ಬೆಳೆಯಿತು. ಅಲ್ಲಿಯೂ 1881ರ ಬಾರ್ಟನ್ ವಿರುದ್ಧ ಬಾರ್ಬರ್ ತೀರ್ಪು ಅನುಮತಿ ಬೇಕೆಂದಿತು. ಆಮೇಲೆ ಸಂಸತ್ತು ರಿಸೀವರ್ ವ್ಯವಹಾರ ನಡೆಸುವಾಗ ಆದ ಹಾನಿಗೆ ಅನುಮತಿಯಿಲ್ಲದೆ ದಾವೆ ಹೂಡಲು ದಾರಿ ಮಾಡಿಕೊಟ್ಟಿತು. 1891ರ ಮೆಕ್ನಲ್ಟಾ ಪ್ರಕರಣದಲ್ಲಿ, ರಿಸೀವರ್ ಬದಲಾದರೂ ಹಿಂದಿನವರ ಕಾಲದ ಕ್ಲೇಮು ಸಾಯುವುದಿಲ್ಲ, ನಿಧಿಯ ಮೇಲೆ ಉಳಿಯುತ್ತದೆ ಎಂದಾಯಿತು. ಶಿಕಾಗೋ ಬಳಿಯ ಬರ್ ಓಕ್ ಸ್ಮಶಾನದಲ್ಲಿ ನೌಕರರು ಹಳೆಯ ಸಮಾಧಿಗಳನ್ನು ಅಗೆದು ಅದೇ ಜಾಗ ಮತ್ತೆ ಮಾರಿದ್ದು 2009ರಲ್ಲಿ ಹೊರಬಂದಾಗ ಕೋರ್ಟು ರಿಸೀವರನ್ನು ನೇಮಿಸಿತು. ಹಳೆಯ ಪಾಪ ಅವರದಲ್ಲ, ಆದರೆ ತಿಳಿದ ಕ್ಷಣದಿಂದ ಜಾಗ ಕಾಯುವ ಹೊಣೆ ಅವರದು. ನಮ್ಮಲ್ಲಿ ಎರಡು ರಸೀದಿಯ ಜಾಗಗಳಿಗೂ ಇದೇ ಮಾತು ಒಪ್ಪುತ್ತದೆ.

ನಮ್ಮಲ್ಲಿ ಪಕ್ಷಗಾರರ ಕೈಯಲ್ಲಿರುವ ಆಯುಧ ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶದ 4ನೇ ನಿಯಮ. ಲೆಕ್ಕ ಕೊಡದಿದ್ದರೆ, ಹಣ ಕಟ್ಟದಿದ್ದರೆ, ಘೋರ ನಿರ್ಲಕ್ಷ್ಯದಿಂದ ನಷ್ಟ ಮಾಡಿದರೆ ಕೋರ್ಟು ರಿಸೀವರಿನ ಆಸ್ತಿ ಜಪ್ತಿ ಮಾಡಿ, ಮಾರಿ, ನಷ್ಟ ತುಂಬಿಸಬಹುದು. ಜಾಮೀನುದಾರರ ಮೇಲೆ 145ನೇ ಸೆಕ್ಷನ್ ನಡೆಯುತ್ತದೆ. ಆದೇಶದ ಮೇಲೆ 43ನೇ ಆದೇಶದ 1ನೇ ನಿಯಮದಲ್ಲಿ ಮೇಲ್ಮನವಿ ಇದೆ. ಅರ್ಜಿಯಲ್ಲಿ ಬರೀ ‘ನಿರ್ಲಕ್ಷ್ಯ ವಹಿಸಿದ್ದಾರೆ’ ಎಂದರೆ ಬಿದ್ದುಹೋಗುತ್ತದೆ. ಯಾವ ದಿನ, ಮಹಜರಿನ ಯಾವ ಕ್ರಮಸಂಖ್ಯೆಯ ಅಪಾಯ, ಯಾವ ಪತ್ರದಲ್ಲಿ ಎಚ್ಚರಿಸಲಾಗಿತ್ತು, ನಷ್ಟ ಎಷ್ಟು ರೂಪಾಯಿ ಎಂದು ಇರಬೇಕು.

ದಾವೆ ಮುಗಿದರೂ ರಿಸೀವರಿನ ಹೊಣೆ ತಾನಾಗಿ ಮುಗಿಯುವುದಿಲ್ಲ. ಕೋರ್ಟು ಬಿಡುಗಡೆ ಮಾಡುವವರೆಗೆ ಅವರು ಅದರ ಅಧಿಕಾರಿಯಾಗಿ ಉತ್ತರಿಸಬೇಕು ಎಂದು ಹೀರಾಲಾಲ್ ಪಾಟ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬಿಡುಗಡೆ ಅರ್ಜಿಗೆ ಆಕ್ಷೇಪ ಸಲ್ಲಿಸಲು ಕೊಡುವ ದಿನಾಂಕವೇ ಆ ದಾವೆಯೊಳಗೆ ಪಕ್ಷಗಾರರಿಗೆ ಸಿಗುವ ಕೊನೆಯ ಅವಕಾಶ. ಅಂದು ಮೊದಲ ದಿನದ ಮಹಜರನ್ನೂ ಹಸ್ತಾಂತರದ ಮಹಜರನ್ನೂ ಅಕ್ಕಪಕ್ಕ ಇಟ್ಟು, ಸಾಲಿಗೆ ಸಾಲು, ಸಮಾಧಿಗೆ ಸಮಾಧಿ ತಾಳೆ ನೋಡಿ ವ್ಯತ್ಯಾಸವನ್ನು ಬರಹದಲ್ಲಿ ಸಲ್ಲಿಸಬೇಕು.